ಉರಿಯೂತ ಮತ್ತು ವೈರಾಣು ರೋಗಗಳಲ್ಲಿ ರಕ್ಷಕ ಕೋಶಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ

ದೇಹಕ್ಕೆ ಸೇರದ ವಸ್ತು ಒಳಗೆ ಬಂದಾಗ ಅದನ್ನು ಗುರುತಿಸುವ, ನುಂಗುವ ಇಲ್ಲವೆ ಕೊಲ್ಲುವ, ಹಾಗೆ ಮಾಡಿದ ನೆನಪನ್ನು ಇಟ್ಟುಕೊಳ್ಳುವ ಜೀವಕೋಶಗಳಿಗೆ ರಕ್ಷಕ ಕೋಶಗಳೆಂದು ಹೆಸರು. ಹೆಚ್ಚಿನವು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಕೆಲವು ಬಿಳಿ ರಕ್ತಕಣಗಳಾಗಿ ರಕ್ತದಲ್ಲಿ ತಿರುಗುತ್ತವೆ. ಕೆಲವು ಚರ್ಮ, ಶ್ವಾಸಕೋಶ, ಕರುಳು, ಕೀಲುಗಳಲ್ಲಿ ಬೀಡುಬಿಟ್ಟು ಕಾಯುತ್ತವೆ. ರೋಗ ಕಳೆಯುವುದು ಇವುಗಳ ಕೆಲಸ ಎಂಬುದು ಎಲ್ಲರಿಗೂ ಗೊತ್ತಿರುವ ಅರ್ಧ ಮಾತು. ಕೆಲಸ ಮುಗಿದ ಮೇಲೆ ನಿಲ್ಲದೆ ಹೋದರೆ ಇವೇ ರೋಗವಾಗುತ್ತವೆ ಎಂಬುದು ಉಳಿದರ್ಧ. ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭಾ ಹೊಳೆಯನ್ನು ಹಂಚಿಕೊಂಡಿರುವ ಹುಕ್ಕೇರಿ, ಗೋಕಾಕ, ಮತ್ತು ಮೊನ್ನೆ ಮೊನ್ನೆಯವರೆಗೆ ಗೋಕಾಕದೊಳಗೇ ಇದ್ದ ಮೂಡಲಗಿ ತಾಲೂಕುಗಳು ಈ ಎರಡೂ ಅರ್ಧಗಳನ್ನು ಹತ್ತಿರದಿಂದ ಕಂಡಿವೆ. 2006ರ ಚಿಕುನ್‌ಗುನ್ಯಾ, ಎಚ್‌ಐವಿ, ಕೋವಿಡ್, ದನಗಳ ಚರ್ಮಗಂಟು ರೋಗ ಎಲ್ಲರ ಬಾಯಲ್ಲೂ ಇವೆ. ಕಬ್ಬಿನ ದೂಳಿನಿಂದ ಬರುವ ಕೆಮ್ಮಿನ ಬಗ್ಗೆ ಮಾತು ಕಡಿಮೆ.

ಕೋಶಗಳ ಬಳಗ

ಜ್ವರವೆಂದು ಹೋದವರಿಗೆ ತಾಲೂಕಿನ ಯಾವ ಲ್ಯಾಬಿನಲ್ಲಾದರೂ ಕೊಡುವ ರಕ್ತದ ಚೀಟಿ ಈ ಕೋಶಗಳ ಜನಗಣತಿಯೇ. ಆರೋಗ್ಯವಂತ ವಯಸ್ಕರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ಕಣಗಳಿರುತ್ತವೆ. ಅವುಗಳಲ್ಲಿ ನ್ಯೂಟ್ರೊಫಿಲ್‌ಗಳದ್ದೇ ಬಹುಮತ. ಗಾಯವಾದ ಕಡೆಗೆ ಮೊದಲು ಓಡುವವು, ಮೊದಲು ಸಾಯುವವು ಇವೇ; ರಕ್ತದಲ್ಲಿ ಇವುಗಳ ಆಯುಷ್ಯ ಹೆಚ್ಚೆಂದರೆ ಕೆಲವು ದಿನ. ಹುಣ್ಣಿನಲ್ಲಿ ಕಾಣುವ ಕೀವು ಬಹುಪಾಲು ಸತ್ತ ನ್ಯೂಟ್ರೊಫಿಲ್‌ಗಳ ರಾಶಿ. ಮೊನೊಸೈಟ್‌ಗಳು ರಕ್ತದಿಂದ ಹೊರಬಿದ್ದು ಅಂಗಾಂಶ ಸೇರಿದ ಮೇಲೆ ಮ್ಯಾಕ್ರೊಫೇಜ್ ಎನಿಸಿಕೊಳ್ಳುತ್ತವೆ: ನುಂಗುವುದು, ಕಸ ಬಳಿಯುವುದು, ಸುದ್ದಿ ಹಬ್ಬಿಸುವುದು ಇವುಗಳ ಉದ್ಯೋಗ. ಡೆಂಡ್ರೈಟಿಕ್ ಕೋಶಗಳು ಸಿಕ್ಕ ವೈರಾಣುವಿನ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಲಿಂಫೊಸೈಟ್‌ಗಳಿಗೆ ತೋರಿಸುತ್ತವೆ. ಸಹಜ ಹಂತಕ ಕೋಶಗಳು ಸೋಂಕು ತಗುಲಿದ ನಮ್ಮದೇ ಕೋಶಗಳನ್ನು ಯಾರ ಅಪ್ಪಣೆಗೂ ಕಾಯದೆ ಕೊಲ್ಲುತ್ತವೆ.

ಲಿಂಫೊಸೈಟ್‌ಗಳದು ನಿಧಾನದ, ಆದರೆ ಗುರಿತಪ್ಪದ ಕೆಲಸ. ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಸಿಡಿ8 ಗುರುತಿನ ಟಿ ಕೋಶಗಳು ವೈರಾಣು ಹೊಕ್ಕ ಕೋಶಗಳನ್ನು ಆರಿಸಿ ಕೊಲ್ಲುತ್ತವೆ. ಸಿಡಿ4 ಗುರುತಿನ ಸಹಾಯಕ ಟಿ ಕೋಶಗಳು ಎಲ್ಲರನ್ನೂ ಕೆಲಸಕ್ಕೆ ಹಚ್ಚುವ ಮೇಸ್ತ್ರಿಗಳು. ಇವುಗಳ ನಡುವೆಯೇ ‘ಇನ್ನು ಸಾಕು’ ಎನ್ನುವ ನಿಯಂತ್ರಕ ಟಿ ಕೋಶಗಳೂ ಇವೆ. ಜಪಾನಿನ ಶಿಮೊನ್ ಸಕಗುಚಿ 1995ರಲ್ಲಿ ಇವುಗಳ ಗುರುತು ಹಿಡಿದರು. ಅದಕ್ಕಾಗಿ 2025ರ ನೊಬೆಲ್ ಪ್ರಶಸ್ತಿಯನ್ನು ಅಮೆರಿಕದ ಇಬ್ಬರು ವಿಜ್ಞಾನಿಗಳೊಂದಿಗೆ ಹಂಚಿಕೊಂಡರು. ಕೊಲ್ಲುವ ಕೋಶಗಳನ್ನು ಕಂಡ ಎಷ್ಟೋ ವರ್ಷಗಳ ಮೇಲೆ ತಡೆಯುವ ಕೋಶಗಳು ಕಣ್ಣಿಗೆ ಬಿದ್ದವು.

ಉರಿಯೂತ ಎಂಬ ಮಾತನ್ನು ಯಾರು ಕಟ್ಟಿದರೋ, ಚೆನ್ನಾಗಿ ಕಟ್ಟಿದ್ದಾರೆ. ಉರಿ, ಊತ ಎರಡೂ ಅದರಲ್ಲಿವೆ. ರೋಮನ್ ಲೇಖಕ ಸೆಲ್ಸಸ್ ಪಟ್ಟಿಮಾಡಿದ ನಾಲ್ಕು ಲಕ್ಷಣಗಳಲ್ಲಿ ಕೆಂಪು ಮತ್ತು ನೋವು ಮಾತ್ರ ಹೊರಗುಳಿದಿವೆ. ಕಾಲಿಗೆ ಮುಳ್ಳು ನೆಟ್ಟಾಗ ಅದರ ಸುತ್ತ ಆಗುವುದು ಇದೇ: ರಕ್ತನಾಳ ಹಿಗ್ಗಿ ಚರ್ಮ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ನಾಳದ ಗೋಡೆ ಸಡಿಲಾಗಿ ನೀರು ಜಿನುಗಿ ಊದುತ್ತದೆ, ಆ ಸಡಿಲಿನಿಂದಲೇ ಬಿಳಿ ಕಣಗಳು ಹೊರನುಗ್ಗುತ್ತವೆ. ರಷ್ಯಾದ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತಿಕೊಳ್ಳುವುದನ್ನು ಕಂಡದ್ದರಿಂದ ಈ ಶಾಸ್ತ್ರ ಶುರುವಾಯಿತು ಎನ್ನಬಹುದು.

ಚಿಕುನ್‌ಗುನ್ಯಾ

2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳು ದಾಖಲಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 7.5 ಲಕ್ಷದಷ್ಟು, ಕರ್ನಾಟಕದವೇ. ಬೆಳಗಾವಿ ಜಿಲ್ಲೆಯೂ ಅದರಲ್ಲಿತ್ತು. ವೈರಾಣು ಹೊಸದಲ್ಲ. 1963ರಲ್ಲಿ ಕೋಲ್ಕತ್ತದಲ್ಲಿ, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡು ಮರೆಯಾಗಿತ್ತು. ಮೂವತ್ತು ವರ್ಷ ಸುಮ್ಮನಿದ್ದ ಕಾರಣ ಹೊಸ ತಲೆಮಾರಿನ ಯಾರ ಬಿ ಕೋಶಕ್ಕೂ ಅದರ ಪರಿಚಯವಿರಲಿಲ್ಲ. ಮರಳಿ ಬಂದದ್ದು ಆಫ್ರಿಕದ ಬೇರೆ ತಳಿ.

ಹರಡಿದ್ದು ಈಡಿಸ್ ಸೊಳ್ಳೆಯಿಂದ. ಹೊಳೆ, ಕಾಲುವೆ, ಹಿಡಕಲ್ ಅಣೆಕಟ್ಟು ಎಲ್ಲ ಇದ್ದೂ ಈ ಸೀಮೆಯ ಮನೆಗಳಲ್ಲಿ ಕುಡಿಯುವ ನೀರನ್ನು ಹರವಿ, ಬ್ಯಾರಲ್, ಹೌದುಗಳಲ್ಲಿ ತುಂಬಿಡುವ ರೂಢಿ. ಈಡಿಸ್ ಮೊಟ್ಟೆಯಿಡುವುದು ಗಟಾರದ ಕೊಳಚೆಯಲ್ಲಲ್ಲ, ಇಂಥ ತಿಳಿನೀರಿನಲ್ಲಿ. ಹೆಸರಿನಲ್ಲಿ ‘ಚಿಕನ್’ ಕೇಳಿಸಿದ್ದಕ್ಕೆ ಕೋಳಿ ತಿನ್ನುವುದನ್ನು ಬಿಟ್ಟವರೂ ಇದ್ದರು. ಕೋಳಿಗೂ ಇದಕ್ಕೂ ಸಂಬಂಧವಿಲ್ಲ. ತಾಂಜಾನಿಯಾದ ಮಕೊಂಡೆ ಭಾಷೆಯಲ್ಲಿ ಅದು ‘ಬಗ್ಗಿಸುವಂಥದ್ದು’ ಎಂಬ ಅರ್ಥದ ಮಾತು. ಹಾಸಿಗೆಯಿಂದ ಏಳಲು ಗೋಡೆ ಹಿಡಿದವರಿಗೆ, ತಂಬಿಗೆ ಎತ್ತಲಾಗದೆ ಇನ್ನೊಬ್ಬರಿಂದ ನೀರು ಹಾಕಿಸಿಕೊಂಡವರಿಗೆ ಆ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೊಳ್ಳೆ ಚರ್ಮಕ್ಕೆ ಬಿಟ್ಟ ವೈರಾಣು ಮೊದಲು ಅಲ್ಲಿನ ನಾರುಕೋಶಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ರಕ್ತ ಸೇರಿ ಸ್ನಾಯು, ಕೀಲುಗಳಿಗೆ ತಲುಪುತ್ತದೆ. ಸೋಂಕು ತಗುಲಿದ ಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸುರಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಕಂಡುಹಿಡಿದ ಈ ಪದಾರ್ಥ ವೈರಾಣುವಿನ ಮೊದಲ ಶತ್ರು. ಅದರ ಪ್ರಭಾವ ನಮ್ಮ ಮೇಲೂ ಆಗುತ್ತದೆ: ಒಮ್ಮೆಗೇ ಏರುವ ಜ್ವರ, ಮೈಕೈ ನೋವು, ಸುಸ್ತುಗಳಲ್ಲಿ ಇದರ ಪಾಲು ದೊಡ್ಡದು. ವಾರದೊಳಗೆ ಪ್ರತಿಕಾಯಗಳು ಹುಟ್ಟಿ ರಕ್ತದಲ್ಲಿನ ವೈರಾಣುವನ್ನು ತೊಡೆದುಹಾಕುತ್ತವೆ. ಜ್ವರ ಬಿಡುತ್ತದೆ.

ಕೀಲು ಮಾತ್ರ ಬಿಡುವುದಿಲ್ಲ. ವಾರದ ಜ್ವರಕ್ಕೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸಂದು ಹಿಡಿದು ಕೂತದ್ದು ಹಳ್ಳಿಯವರಿಗೆ ಮಾತ್ರವಲ್ಲ, ವೈದ್ಯರಿಗೂ ಬಿಡಿಸಲಾಗದ ಒಗಟಾಗಿತ್ತು. ಉತ್ತರ ಸ್ವಲ್ಪ ಸ್ವಲ್ಪವಾಗಿ ಸಿಕ್ಕಿತು. 2005–06ರಲ್ಲಿ ಇದೇ ತಳಿಯ ದಾಳಿಗೆ ಸಿಕ್ಕ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಜ್ವರ ಬಂದು ಒಂದೂವರೆ ವರ್ಷವಾದ ರೋಗಿಯೊಬ್ಬರ ಕೀಲಿನ ಪೊರೆಯನ್ನು ಪರೀಕ್ಷಿಸಿದಾಗ ಅಲ್ಲಿನ ಮ್ಯಾಕ್ರೊಫೇಜ್‌ಗಳಲ್ಲಿ ವೈರಾಣುವಿನ ಅಂಶಗಳು ಇನ್ನೂ ಇದ್ದವು. ನುಂಗಿದ್ದನ್ನು ಅರಗಿಸಿಕೊಳ್ಳಲಾಗದ ಮ್ಯಾಕ್ರೊಫೇಜ್ ಸುಮ್ಮನಿರುವುದಿಲ್ಲ. ಐಎಲ್-6ನಂಥ ಉರಿಯೂತದ ಸಂದೇಶಗಳನ್ನು ಬಿಡುತ್ತಲೇ ಇರುತ್ತದೆ, ಹೊಸ ಮೊನೊಸೈಟ್‌ಗಳು ಬರುತ್ತಲೇ ಇರುತ್ತವೆ.

ಇಲಿಗಳ ಮೇಲಿನ ಪ್ರಯೋಗಗಳು ಇನ್ನೂ ಸೋಜಿಗದವು. ಟಿ ಮತ್ತು ಬಿ ಕೋಶಗಳೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಚಿಕುನ್‌ಗುನ್ಯಾ ಸೋಂಕು ಕೊಟ್ಟರು. ವೈರಾಣು ರಕ್ತದಲ್ಲಿ ವಾರಗಟ್ಟಲೆ ಉಳಿಯಿತು, ಆದರೆ ಪಾದ ಅಷ್ಟಾಗಿ ಊದಲಿಲ್ಲ. ಟಿ ಕೋಶವಿಲ್ಲದ ಇಲಿಗಳಿಗೆ ಸಹಾಯಕ ಟಿ ಕೋಶಗಳನ್ನು ಹೊರಗಿನಿಂದ ಸೇರಿಸಿದಾಗ ಊತ ಬಂತು. ಎಂದರೆ, ವೈರಾಣುವನ್ನು ಕಳೆಯಲು ಬಿ ಕೋಶದ ಪ್ರತಿಕಾಯ ಬೇಕೇ ಬೇಕು. ಕೀಲನ್ನು ಕೆಡಿಸುವುದು ಬಹುಮಟ್ಟಿಗೆ ನಮ್ಮದೇ ಟಿ ಕೋಶ ಮತ್ತು ಮ್ಯಾಕ್ರೊಫೇಜ್‌ಗಳ ಜೋಡಿ. ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸಿದ ಇಲಿಗಳಲ್ಲಿ ಊತ ಇಳಿಯಿತು. ಹೊಡೆಯುವವರು ಯಾರು, ಬಿಡಿಸುವವರು ಯಾರು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ರೋಗ ಇನ್ನೊಂದು ಸಿಗುವುದು ಕಷ್ಟ.

ಡೆಂಗಿ

ಡೆಂಗಿಯೂ ಅದೇ ಈಡಿಸ್ ಸೊಳ್ಳೆಯ ರೋಗ. ಮೊದಲ ಮೂರು ದಿನ ಚಿಕುನ್‌ಗುನ್ಯಾದಿಂದ ಬೇರ್ಪಡಿಸುವುದು ಕಷ್ಟ. ರಾಜ್ಯ ಸರಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆಯಿಂದ ಗುಣವಾದವರಿಗೆ ಆಮೇಲೆ ಇನ್ನೊಂದು ಬಗೆ ತಗುಲಿದರೆ, ಹಳೆಯ ಪ್ರತಿಕಾಯ ಅದಕ್ಕೆ ಅಂಟಿಕೊಳ್ಳುತ್ತದೆ, ಕೊಲ್ಲಲಾರದು. ಪ್ರತಿಕಾಯದ ಬಾಲ ಹಿಡಿದು ನುಂಗುವ ಅಭ್ಯಾಸವಿರುವ ಮೊನೊಸೈಟ್‌ಗಳು ವೈರಾಣುವನ್ನು ತಾವಾಗಿ ಒಳಗೆ ಕರೆದುಕೊಳ್ಳುತ್ತವೆ. ಎರಡನೆಯ ಡೆಂಗಿ ಮೊದಲಿನದಕ್ಕಿಂತ ಅಪಾಯಕಾರಿಯಾಗಲು ಇದು ಮುಖ್ಯ ಕಾರಣ. ಅಪಾಯದ ವೇಳೆ ಜ್ವರ ಇಳಿಯುವ ನಾಲ್ಕರಿಂದ ಆರನೆಯ ದಿನದ ಸುಮಾರಿಗೆ: ರಕ್ತದಲ್ಲಿ ವೈರಾಣು ಕಡಿಮೆಯಾಗುತ್ತಿರುತ್ತದೆ, ರಕ್ಷಕ ಕೋಶಗಳ ಸಂದೇಶಗಳಿಂದ ರಕ್ತನಾಳಗಳು ಸೋರತೊಡಗಿರುತ್ತವೆ. ಜನರ ಕಣ್ಣೆಲ್ಲ ಪ್ಲೇಟ್ಲೆಟ್ ಸಂಖ್ಯೆಯ ಮೇಲೆ, ಕೈಯೆಲ್ಲ ಪಪ್ಪಾಯಿ ಎಲೆಯ ರಸದ ಮೇಲೆ. ರಕ್ತ ಎಷ್ಟು ಗಟ್ಟಿಯಾಗಿದೆ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂಬುದನ್ನು ವೈದ್ಯರು ಹೆಚ್ಚು ಗಮನಿಸುವುದು ಈ ಸೋರಿಕೆಯ ಕಾರಣಕ್ಕೆ.

ಎಚ್‌ಐವಿ ಮತ್ತು ಸಿಡಿ4

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಎಚ್‌ಐವಿ ಹೆಚ್ಚಾಗಿ ಹರಡಿದ್ದ ಪ್ರದೇಶ. ‘ಸಿಡಿ4 ಎಷ್ಟೈತಿ?’ ಎಂದು ಆಸ್ಪತ್ರೆಯ ಜಗುಲಿಯಲ್ಲಿ ಒಬ್ಬರನ್ನೊಬ್ಬರು ಕೇಳುವ ಮಾತು ಈ ಭಾಗದ ಕನ್ನಡಕ್ಕೆ ಸೇರಿದ್ದು ಹೀಗೆ. ಒಂದು ರಕ್ಷಕ ಕೋಶದ ಹೆಸರು ಇಷ್ಟು ಸಲೀಸಾಗಿ ಜನರ ನಾಲಿಗೆಗೆ ಬಂದ ಉದಾಹರಣೆ ಬೇರೆ ಇಲ್ಲ.

ಎಚ್‌ಐವಿ ಗುರಿಯಿಡುವುದು ಸೈನಿಕರಿಗಲ್ಲ, ಮೇಸ್ತ್ರಿಗೆ. ಸಹಾಯಕ ಟಿ ಕೋಶದ ಮೈಮೇಲಿನ ಸಿಡಿ4 ಎಂಬ ಗುರುತನ್ನೇ ಹಿಡಿಕೆ ಮಾಡಿಕೊಂಡು ಒಳಹೊಗುತ್ತದೆ. ಆರೋಗ್ಯವಂತರಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ 500ರಿಂದ 1,500ರಷ್ಟಿರುವ ಈ ಕೋಶಗಳು ಚಿಕಿತ್ಸೆಯಿಲ್ಲದಿದ್ದರೆ ವರ್ಷ ವರ್ಷ ಇಳಿಯುತ್ತ 200ರ ಕೆಳಗೆ ಬಂದಾಗ ಕ್ಷಯ, ಬಾಯಿಯ ಅಗ್ರ, ನ್ಯುಮೋನಿಯಾಗಳು ಮೇಲೇಳುತ್ತವೆ. ವೈರಾಣು ತಾನಾಗಿ ಈ ಕೋಶಗಳನ್ನು ಒಂದೊಂದಾಗಿ ಕೊಲ್ಲುತ್ತದೆ ಎಂದು ಬಹುಕಾಲ ತಿಳಿಯಲಾಗಿತ್ತು. ದುಗ್ಧಗ್ರಂಥಿಗಳಲ್ಲಿ ಸಾಯುವ ಕೋಶಗಳಲ್ಲಿ ಬಹುಪಾಲಿನೊಳಗೆ ವೈರಾಣು ಬೆಳೆದೇ ಇರುವುದಿಲ್ಲ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅರೆಬರೆ ನುಸುಳಿದ ವೈರಾಣುವಿನ ಸುಳಿವು ಹತ್ತಿದ ಕೋಶ ತನ್ನನ್ನು ತಾನೇ ಒಡೆದುಕೊಂಡು ಸಾಯುತ್ತದೆ. ಒಡೆದಾಗ ಚೆಲ್ಲಿದ ಉರಿಯೂತದ ಪದಾರ್ಥಗಳು ಇನ್ನಷ್ಟು ಸಿಡಿ4 ಕೋಶಗಳನ್ನು ಅಲ್ಲಿಗೆ ಕರೆಯುತ್ತವೆ, ಬಂದವೂ ಹಾಗೆಯೇ ಸಾಯುತ್ತವೆ. ಬೆಂಕಿ ಆರಿಸಲು ಬಂದವರೇ ಸೌದೆಯಾದಂತೆ.

ಎಚ್‌ಐವಿಯನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ ದೇಶದಲ್ಲಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಆಗ ಸಿಡಿ4 ತೀರ ಇಳಿದವರಿಗೆ ಮಾತ್ರ ಔಷಧ. ಮಿತಿಯನ್ನು ಹಂತಹಂತವಾಗಿ ಏರಿಸುತ್ತ 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೊಡಲಾಗುತ್ತಿದೆ. ಔಷಧ ಶುರುಮಾಡಿದ ಕೆಲವು ವಾರಗಳಲ್ಲಿ ಕೆಲವರ ಸ್ಥಿತಿ ಹದಗೆಡುವುದುಂಟು. ಅಡಗಿದ್ದ ಕ್ಷಯದ ಗಂಟುಗಳು ಊದುತ್ತವೆ, ಜ್ವರ ಬರುತ್ತದೆ. ಗುಳಿಗೆ ಮೈಗೆ ಒಗ್ಗಲಿಲ್ಲವೆಂದು ಬಿಟ್ಟುಬಿಡುವುದು ಇಲ್ಲೇ. ನಿಜವಾಗಿ ಆದದ್ದು ಬೇರೆ: ಚೇತರಿಸಿಕೊಂಡ ಟಿ ಕೋಶಗಳು ಹಿಂದೆ ಕಾಣದೆ ಬಿಟ್ಟ ಶತ್ರುವನ್ನು ಈಗ ಕಂಡು ಮೇಲೆಬಿದ್ದಿವೆ. ವೈದ್ಯರಿಗೆ ತೋರಿಸಿ, ಗುಳಿಗೆ ಮುಂದುವರಿಸಬೇಕಾದ ಸಂದರ್ಭ ಇದು.

ಈ ಸೀಮೆಯಲ್ಲಿ ಸೋಂಕಿನ ಚರಿತ್ರೆಯನ್ನು ಮುತ್ತು ಕಟ್ಟುವ, ಎಂದರೆ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ, ಪದ್ಧತಿಯಿಂದ ಬಿಡಿಸಿ ಹೇಳಲಾಗದು. ದೇವದಾಸಿಯರನ್ನು ಬಿಡುವುದನ್ನು ನಿಷೇಧಿಸುವ ಕಾಯಿದೆ ರಾಜ್ಯದಲ್ಲಿ 1982ರಲ್ಲೇ ಬಂದಿತ್ತು. ಕಾಯಿದೆಯನ್ನು ಮನೆಮನೆಗೆ ಒಯ್ದವರಲ್ಲಿ ಆ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ 1997ರಲ್ಲಿ ಘಟಪ್ರಭಾದಲ್ಲಿ ಕಟ್ಟಿಕೊಂಡ ಮಾಸ್ ಸಂಸ್ಥೆ (ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ) ಮುಖ್ಯವಾದದ್ದು. ಅದರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ದೂಳು: ರೋಗಾಣುವಿಲ್ಲದ ಉರಿಯೂತ

ಹುಕ್ಕೇರಿಯ ಸಂಕೇಶ್ವರದಿಂದ ಮೂಡಲಗಿಯ ಕೆಳಗಿನ ಹಳ್ಳಿಗಳವರೆಗೆ ಕಬ್ಬೇ ಕಬ್ಬು. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಕಾರ್ಖಾನೆಗಳು ಬಾಯ್ಲರ್‌ಗೆ, ಗಾಣದವರು ಒಲೆಗೆ ಬಳಸುತ್ತಾರೆ. ಹಸಿ ಸಿಪ್ಪೆಯಿಂದ ತೊಂದರೆಯಿಲ್ಲ. ತಿಂಗಳುಗಟ್ಟಲೆ ಒಟ್ಟಿದ ಸಿಪ್ಪೆ ಒಳಗೊಳಗೇ ಬಿಸಿಯಾದಾಗ ಶಾಖಪ್ರಿಯ ಬ್ಯಾಕ್ಟೀರಿಯಗಳು ಅದರಲ್ಲಿ ಬೆಳೆಯುತ್ತವೆ; ಒಣಗಿದ ರಾಶಿಯನ್ನು ಕೆದರಿದಾಗ ಅವುಗಳ ಬೀಜಕಣಗಳು ದೂಳಿನೊಂದಿಗೆ ಶ್ವಾಸಕೋಶದ ತಳ ಮುಟ್ಟುತ್ತವೆ. ಅಲ್ಲಿ ಅವು ಸೋಂಕು ಉಂಟುಮಾಡುವುದಿಲ್ಲ. ಆದರೂ ಮ್ಯಾಕ್ರೊಫೇಜ್‌ಗಳು ಅವನ್ನು ನುಂಗಿ ಟಿ ಕೋಶಗಳಿಗೆ ತೋರಿಸುತ್ತವೆ, ಟಿ ಕೋಶಗಳು ಯುದ್ಧವೆಂದೇ ತಿಳಿದು ಮುತ್ತುತ್ತವೆ, ಎರಡೂ ಸೇರಿ ಗಾಳಿಚೀಲಗಳ ಗೋಡೆಯಲ್ಲಿ ಸಣ್ಣ ಸಣ್ಣ ಗಂಟು ಕಟ್ಟುತ್ತವೆ. ಇದಕ್ಕೆ ಬಗಾಸೋಸಿಸ್ ಎಂದು ಹೆಸರು.

ದೂಳಿನಲ್ಲಿ ಕೆಲಸ ಮಾಡಿದ ನಾಲ್ಕರಿಂದ ಎಂಟು ಗಂಟೆಗಳ ನಂತರ, ಎಂದರೆ ಮನೆಗೆ ಬಂದು ಕೂತ ಮೇಲೆ, ಚಳಿಜ್ವರ, ಒಣಕೆಮ್ಮು, ಏದುಸಿರು ಶುರುವಾಗುತ್ತವೆ. ಒಂದೆರಡು ದಿನ ರಜೆ ಹಾಕಿದರೆ ಗುಣ, ಕೆಲಸಕ್ಕೆ ಹೋದರೆ ಮತ್ತೆ. ಕೆಲಸದ ವೇಳೆಗೂ ರೋಗದ ವೇಳೆಗೂ ಇಷ್ಟು ಅಂತರ ಇರುವುದರಿಂದ ರೋಗಿಗೇ ನಂಟು ಹೊಳೆಯುವುದಿಲ್ಲ. ಎಕ್ಸ್‌ರೇ ನೋಡಿದವರಿಗೆ ನ್ಯುಮೋನಿಯಾ, ಕ್ಷಯದ ಅನುಮಾನ ಬರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ನಾರುಗಟ್ಟುತ್ತದೆ, ಆಮೇಲೆ ಔಷಧದಿಂದ ಹೆಚ್ಚು ಪ್ರಯೋಜನವಿಲ್ಲ. ತಡೆಗಟ್ಟುವುದು ಕಷ್ಟವೇನಲ್ಲ: ಸಿಪ್ಪೆಯನ್ನು ಒದ್ದೆಯಾಗಿಡಬೇಕು, ಇಲ್ಲವೆ ಶೇ. 1ರ ಪ್ರೊಪಿಯಾನಿಕ್ ಆಮ್ಲ ಸಿಂಪಡಿಸಬೇಕು, ಮುಖಕ್ಕೆ ಸರಿಯಾದ ಮಾಸ್ಕ್ ಬೇಕು.

ಹತ್ತಿಯ ದೂಳಿನ ಕತೆ ಬೇರೆ. ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದ ಮೇಲೆ ನೂಲಿನ ಗಿರಣಿ ಹುಟ್ಟಿದ್ದು 1880ರ ದಶಕದಲ್ಲಿ. ಜಗತ್ತಿನ ಎಲ್ಲೆಡೆಯ ಹತ್ತಿ ಗಿರಣಿಗಳಿಗೆ ಬಿಸಿನೋಸಿಸ್ ಗೊತ್ತು: ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಸಡಿಲಾಗುತ್ತದೆ. ಹತ್ತಿಗೆ ಅಂಟಿದ ಬ್ಯಾಕ್ಟೀರಿಯಗಳ ಹೊರಕವಚದ ವಿಷ ಶ್ವಾಸಕೋಶದ ಮ್ಯಾಕ್ರೊಫೇಜ್‌ಗಳನ್ನು ಕೆರಳಿಸಿ ನ್ಯೂಟ್ರೊಫಿಲ್‌ಗಳನ್ನು ಕರೆಸುವುದು ಇದರ ಮೂಲ. ಇಲ್ಲಿ ಟಿ ಕೋಶಗಳ ಪಾತ್ರ ದೊಡ್ಡದಲ್ಲ. ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿದೆ.

ನೆನಪಿನ ಕೋಶಗಳು: ದೇವಿಯಿಂದ ಚರ್ಮಗಂಟಿನವರೆಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೊ ಎಂಬ ಮೈದಾನವಿದೆ. ಸಭೆ, ಕ್ರಿಕೆಟ್‌ಗಳಿಗೆ ಅಲ್ಲಿ ಸೇರುವವರಲ್ಲಿ ಎಷ್ಟು ಜನ ಆ ಹೆಸರಿನ ಬಗ್ಗೆ ಯೋಚಿಸುತ್ತಾರೋ. ಸಿಡುಬು ನಿರ್ಮೂಲನೆಯ ಕಾಲದಲ್ಲಿ ಭಾರತದಲ್ಲಿ ಒಣ ಲಸಿಕೆ ತಯಾರಿಸುತ್ತಿದ್ದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯದೂ ಒಂದು. ಉಳಿದವು ಪಟವಾಡಾಂಗರ್, ಗಿಂಡಿ ಮತ್ತು ಹೈದರಾಬಾದಿನವು. ಕರುಗಳ ಚರ್ಮದ ಮೇಲೆ ಬೆಳೆಸಿದ ನಿರುಪದ್ರವಿ ವೈರಾಣುವನ್ನು ತೋಳಿಗೆ ಚುಚ್ಚುವುದನ್ನು ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಿದ್ದರು. ಚುಚ್ಚಿದಲ್ಲಿ ಎದ್ದ ಗುಳ್ಳೆ, ಉಳಿದ ಕಲೆ ಎರಡೂ ಉರಿಯೂತದ ಗುರುತೇ. ಒಳಗೆ ಉಳಿದದ್ದು ನೆನಪಿನ ಬಿ ಮತ್ತು ಟಿ ಕೋಶಗಳು. ದಶಕಗಳ ನಂತರವೂ ಅವು ಹಲವರಲ್ಲಿ ಪತ್ತೆಯಾಗಿವೆ. ದೇಶದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ.

ಆ ಲಸಿಕೆ ದನದ ಮೈಯಿಂದ ಮನುಷ್ಯರಿಗೆ ಬಂತು. ಈಚೆಗೆ ಆಡಿನ ಲಸಿಕೆ ದನಕ್ಕೆ ಹೋಯಿತು. 2022ರಲ್ಲಿ ಬೆಳಗಾವಿ ಸೇರಿ ಉತ್ತರ ಕರ್ನಾಟಕದಲ್ಲಿ ಹಬ್ಬಿದ ಚರ್ಮಗಂಟು ರೋಗಕ್ಕೆ ಪಶುವೈದ್ಯರು ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಎರಡೂ ವೈರಾಣುಗಳು ದಾಯಾದಿಗಳಾದ್ದರಿಂದ ಒಂದರ ನೆನಪು ಇನ್ನೊಂದಕ್ಕೂ ತಕ್ಕಮಟ್ಟಿಗೆ ಒದಗುತ್ತದೆ. ಎತ್ತು, ಆಕಳುಗಳ ಮೈತುಂಬ ಎದ್ದ ಗಂಟುಗಳು ಚರ್ಮಕ್ಕೆ ನುಗ್ಗಿದ ರಕ್ಷಕ ಕೋಶಗಳಿಂದಲೂ ಅಲ್ಲಿನ ರಕ್ತನಾಳಗಳ ಉರಿಯೂತದಿಂದಲೂ ಆದವು. ಎಮ್ಮೆಗಳು ಬಹುಮಟ್ಟಿಗೆ ಪಾರಾದವು.

ಕೋವಿಡ್ ಲಸಿಕೆಯ ಚರಿತ್ರೆಯಲ್ಲೂ ಜಿಲ್ಲೆಗೆ ಪಾಲಿದೆ. 2020ರ ಜುಲೈನಲ್ಲಿ ಕೊವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗಕ್ಕೆ ಆಯ್ಕೆಯಾದ 12 ಕೇಂದ್ರಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆ ಒಂದು. ಕೊಂದ ವೈರಾಣುವಿನ ಜೊತೆ ಆ ಲಸಿಕೆಯಲ್ಲಿ ಡೆಂಡ್ರೈಟಿಕ್ ಮುಂತಾದ ಕೋಶಗಳನ್ನು ಎಚ್ಚರಿಸುವ ಪದಾರ್ಥವೊಂದಿದೆ. ಚುಚ್ಚಿಸಿಕೊಂಡ ರಾತ್ರಿಯ ಮೈಕೈ ನೋವಿಗೆ ಈ ಎಚ್ಚರವೇ ಕಾರಣ.

ಸ್ಟೀರಾಯ್ಡ್

ಉರಿಯೂತ ಇಳಿಸುವ ಔಷಧಗಳಲ್ಲಿ ಅಗ್ಗದ್ದು, ಬಲವಾದದ್ದು ಸ್ಟೀರಾಯ್ಡ್. ಎಲ್ಲ ಬಗೆಯ ರಕ್ಷಕ ಕೋಶಗಳ ಬಾಯಿಯನ್ನೂ ಇದು ಮುಚ್ಚಿಸುತ್ತದೆ. ಯಾವಾಗ ಮುಚ್ಚಿಸಬೇಕು ಎಂಬುದರಲ್ಲಿ ಎಲ್ಲ ಇದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು: ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಸಾವು ಮೂರನೆಯ ಒಂದರಷ್ಟು, ಆಮ್ಲಜನಕದಲ್ಲಿದ್ದವರಲ್ಲಿ ಐದನೆಯ ಒಂದರಷ್ಟು ಇಳಿಯಿತು. ಆಮ್ಲಜನಕ ಬೇಕಿಲ್ಲದವರಿಗೆ ಲಾಭವಾಗಲಿಲ್ಲ. ಅವರ ದೇಹದಲ್ಲಿ ಇನ್ನೂ ವೈರಾಣುವಿನ ಹೊತ್ತು ನಡೆದಿತ್ತು, ಕೋಶಗಳ ಅತಿರೇಕದ ಹೊತ್ತು ಬಂದಿರಲಿಲ್ಲ. ಈ ವ್ಯತ್ಯಾಸ ಮರೆತು, ಸಕ್ಕರೆ ಕಾಯಿಲೆಯವರಿಗೂ ಲೆಕ್ಕವಿಲ್ಲದೆ ಸ್ಟೀರಾಯ್ಡ್ ಕೊಟ್ಟದ್ದು 2021ರಲ್ಲಿ ಕಪ್ಪು ಶಿಲೀಂಧ್ರದ ಹಾವಳಿಗೆ ದಾರಿಮಾಡಿತು. ಏರಿದ ಸಕ್ಕರೆಯಲ್ಲಿ ನ್ಯೂಟ್ರೊಫಿಲ್ ಕೂಡ ಆ ಶಿಲೀಂಧ್ರವನ್ನು ಕೊಲ್ಲಲಾರದು.

ಅದೇ ಕಾಲದಲ್ಲಿ ‘ಇಮ್ಯುನಿಟಿ ಬೂಸ್ಟರ್’ ಎಂಬ ಮಾತು ಕಷಾಯದ ಪುಡಿಯಿಂದ ಹಿಡಿದು ಬಿಸ್ಕತ್ತಿನವರೆಗೆ ಅಂಟಿಕೊಂಡಿತು. ಚಿಕುನ್‌ಗುನ್ಯಾದಲ್ಲಿ ಕೀಲು ಕೆಟ್ಟವರಿಗೆ ಕೊರತೆಯಾದದ್ದು ಶಕ್ತಿಯಲ್ಲ, ತಡೆ. ಗೋಕಾಕದ ಕರದಂಟು ತಿಂದರೆ ಮೈಗೆ ಪುಷ್ಟಿ, ನಾಲಿಗೆಗೆ ಸುಖ. ನಿಯಂತ್ರಕ ಟಿ ಕೋಶಗಳಿಗೂ ಅದಕ್ಕೂ ಸಂಬಂಧವಿಲ್ಲ.

ಓದುಗರಿಗೆ ಹೇಳಬೇಕಾದದ್ದು ಇಷ್ಟು. ಜ್ವರದ ಮೊದಲ ವಾರದಲ್ಲಿ ಸಂದುನೋವಿಗೆಂದು ಸೂಜಿ ಮಾಡಿಸಿಕೊಳ್ಳುವ ಮುನ್ನ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಕೇಳಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್‌ನಂಥ ನೋವಿನ ಗುಳಿಗೆ ತೆಗೆದುಕೊಳ್ಳಬೇಡಿ. ಮೂರು ತಿಂಗಳಾದರೂ ಕೀಲು ಹಿಡಿದೇ ಇದ್ದರೆ ಸಂಧಿವಾತದ ರಕ್ತ ಪರೀಕ್ಷೆ ಮಾಡಿಸಿ. ಕೆಮ್ಮಿಗೆ ತೋರಿಸಲು ಹೋದಾಗ ಕಬ್ಬಿನ ಸಿಪ್ಪೆಯಲ್ಲಿ ಕೆಲಸ ಮಾಡುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.